ಅಪ್ಪನ ಗಾಡಿಯ ಅಂಟು

ಇವತ್ತು ಬೆಳಿಗ್ಗೆ ನಳ ಬಂದಿತ್ತು, ನೀರು ತುಂಬಿಸಿದೆ. ಅಂಗಳ ಗುಡಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಅವ್ವನ ಮೊಣಕಾಲು ತಿಕ್ಕಿ ಬಿಸಿಲಿಗೆ ಕೂರಿಸಿದೆ. ಹುಣಸೆಹಣ್ಣಿನ ಬೀಜ ಬಿಡಿಸಲು ಕುಳಿತವಳು ಅರ್ಧಕ್ಕೇ ಎದ್ದೆ, ಏಕೆಂದರೆ ನಮ್ಮ ಮನೆಯವರು ಹಿತ್ತಲಲ್ಲಿ ಅಪ್ಪನ ಹಳೆಯ ಮೋಟರ್‌ಸೈಕಲ್ಲು ಬಿಚ್ಚಿಕೊಂಡು ಕುಳಿತು ಒಂದೊಂದಕ್ಕೂ ನನ್ನನ್ನೇ ಕೂಗುತ್ತಿದ್ದರು. ಒಮ್ಮೆ ಚಹಾ, ಒಮ್ಮೆ ಸವೆದ ಹಲ್ಲುಜ್ಜುವ ಬ್ರಶ್ಶು, ಒಮ್ಮೆ ಪೆಟ್ರೋಲು ಚಿಮ್ಮುವ ಜೆಟ್ಟಿನ ತೂತಿಗೆ ಹಾಕಲು ಹೊಲಿಗೆ ಸೂಜಿ. ಕೊನೆಗೆ ಕರೆದಾಗ ಅವರ ಅಂಗೈಯಲ್ಲಿ ಕಾರ್ಬೋರೇಟರಿನ ತಳದ ಬಟ್ಟಲು ಇತ್ತು. ಟಾಕಿಯಿಂದ ಇಳಿದ ಪೆಟ್ರೋಲು ಎಂಜಿನ್ನಿಗೆ ಹೋಗುವ ಮೊದಲು ಕ್ಷಣಹೊತ್ತು ನಿಲ್ಲುವ ಜಾಗ ಅದು, ನಿಂಬೆಹೋಳಿನಷ್ಟು ಚಿಕ್ಕದು. ಅದರ ಒಳಗೆಲ್ಲ ಜೇನಿನ ಬಣ್ಣದ ಅಂಟು ಕೂತಿತ್ತು. “ಪೆಟ್ರೋಲ್ ಒಣಗಿದ್ರ ಹಿಂಗ ಆಗಾಂಗಿಲ್ಲ. ಅದರ ಕಸ ಅದರಾಗ ನೆನಸಿದ್ರ ಕರಗ್ತದ. ಇದು ಏನ್ ಅಂತ ತಿಳೀವಲ್ದು ನೋಡು. ಕುದಿಯೋ ನೀರಾಗ ಒಂದ್ ಸ್ವಲ್ಪ ಇಡ್ತಿ ಏನ?” ಎಂದರು. ಹಳೆಯ ಬೋಗಣಿಯಲ್ಲಿ ನೀರು ಕಾಯಿಸಿ ಬಟ್ಟಲನ್ನು ಅದರಲ್ಲಿ ಬಿಟ್ಟೆ. ಆವಿ ಎದ್ದಿತು. ಮೊದಲು ಬಂದದ್ದು ಪೆಟ್ರೋಲಿನ ವಾಸನೆ. ಅದರ ಕೆಳಗಿನಿಂದ ನಿಧಾನಕ್ಕೆ ಇನ್ನೊಂದು ಎದ್ದು ಬಂತು, ಹಳೆಯ ಎಣ್ಣೆ ಡಬ್ಬಿಯ ಬಾಯಿಯದು, ಕುಸುಬೆ ಎಣ್ಣೆಯದು. ಸೌಟು ಕೈಯಲ್ಲಿ ಹಿಡಿದು ನಾನು ಹಾಗೇ ನಿಂತೆ.

ಈ ಬಸವಕಲ್ಯಾಣದ ಮನೆಯಲ್ಲಿ ಕುಸುಬೆ ಎಣ್ಣೆ ಬಂದ್ ಆಗಿ ಎಷ್ಟೋ ವರ್ಷವಾಯಿತು; ಡಾಕ್ಟರು ಹೇಳಿದ್ದು ಒಂದು, ಅಂಗಡಿಯವನು ಕೊಡುವುದು ಒಂದು. ಈ ವಾಸನೆ ನನ್ನ ತವರಿನದು, ಹುಮನಾಬಾದಿನದು. ಆ ಹಳೆಯ ಮನೆಯನ್ನು ಹೋದ ಬೇಸಿಗೆಯಲ್ಲಿ ಕೆಡವಿದರು. ನನ್ನ ತಮ್ಮ ಶರಣು ಬಾಡಿಗೆ ಮನೆಗೆ ಹೋದ, ಅವ್ವ ನನ್ನ ಹತ್ತಿರ ಬಂದಳು, ಅಪ್ಪನ ಗಾಡಿ ಟೆಂಪೋದಲ್ಲಿ ಅವಳ ಟ್ರಂಕಿನ ಹಿಂದೆ ಬಂತು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಅವನ ದಿನಕರ್ಮ ಮುಗಿದ ಮೇಲೆ ಅವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಹಳೆಯ ಕತೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದ್ದಳು. ಆಮೇಲೆಯೂ ಕೇಳುತ್ತಾಳೆ, ತಲೆ ಬಾಚುವಾಗ, ಅಕ್ಕಿ ಆರಿಸುವಾಗ, ಮಾತಿನ ನಡುವೆ ಒಮ್ಮೆಲೇ. “ನಾ ಯಾಕ ಗಾಡಿ ಮ್ಯಾಲ ಕುಂದ್ರೋದು ಬಿಟ್ಟೆ ಅಂತ ನಿಮ್ಮಪ್ಪಾರಿಗೆ ಗೊತ್ತಿತ್ತೇನ?” ಅವಳು ಗಾಡಿ ಬಿಟ್ಟಾಗ ನಾನು ಸಣ್ಣವಳು. ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಮನೆಯಲ್ಲಿ ಏನೋ ಕೆಟ್ಟಿದೆ, ಅದು ಗಾಡಿಯೋ ಮನುಷ್ಯರೋ ತಿಳಿಯುತ್ತಿಲ್ಲ ಎಂಬುದು.

ನಿಮ್ಮ ಕಡೆಯೂ ಇಂಥ ಮನೆಗಳು ಇದ್ದಿರಬೇಕು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಸಂಜೆಯಂಥ ಕತ್ತಲು. ನಮ್ಮದು ಗಾಣದವರ ಮನೆ. ಹಿಂದಿನ ಕೋಣೆಯಲ್ಲಿ ಗಾಣ, ಅದರ ಸುತ್ತ ಎತ್ತು ತಿರುಗಿ ತಿರುಗಿ ತಗ್ಗಾದ ನೆಲ. ಗೋಡೆ, ಕಂಬ, ಬಾಗಿಲು, ನಮ್ಮ ಶಾಲೆಯ ಪುಸ್ತಕ, ಎಲ್ಲಕ್ಕೂ ಎಣ್ಣೆಯ ವಾಸನೆ. ಮುತ್ಯಾನಿಗೆ, ಅಂದರೆ ಅಪ್ಪನ ತಂದೆಗೆ, ಎಣ್ಣೆಯೆಂದರೆ ದೇವರ ಪಕ್ಕದ ದೇವರು. ದಿನಾ ನಸುಕಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎತ್ತು ಕಟ್ಟುವ ಮೊದಲು ಒಂದು ಮಿಳ್ಳಿ ಎಣ್ಣೆಯನ್ನು ಗಾಣದ ಬಾಯಿಗೆ ಬಿಟ್ಟು ಕೈ ಮುಗಿಯುತ್ತಿದ್ದ. ಮಿಳ್ಳಿ ಅಂದರೆ ಉದ್ದ ಹಿಡಿಕೆಯ ಸಣ್ಣ ಹಿತ್ತಾಳೆ ಚಮಚ, ನಮ್ಮಲ್ಲಿ ಎಣ್ಣೆ ಬಡಿಸುವುದು ಅದರಿಂದಲೇ. ಮನೆಗೆ ಅನ್ನ ಹಾಕುವ ಮಷೀನು ಮೊದಲು ತಾನು ಉಣ್ಣಬೇಕು, ಆಮೇಲೆ ಮನೆಯವರು ಎಂಬುದು ನಮ್ಮ ಮನೆಯ ರಿವಾಜು. ಎಣ್ಣೆ ಗಿರಣಿಗಳು ಬಂದವು, ಪಾಕೀಟಿನ ಎಣ್ಣೆ ಬಂತು, ಗಾಣ ನಿಂತಿತು. ಎತ್ತು ಹೋದ ಮೇಲೂ ಮುತ್ಯಾನ ಕೈ ಮಾತ್ರ ನಿಲ್ಲಲಿಲ್ಲ. ಹೊಲದ ಕುಸುಬೆಯನ್ನು ಗಿರಣಿಯಲ್ಲಿ ಹಿಂಡಿಸಿ ತಂದು ಬಾಗಿಲ ಕೀಲಿಗೆ, ಬಾವಿಯ ರಾಟೆಗೆ, ನಮ್ಮಜ್ಜಿ ಆಯಿಯ ಎಲೆಅಡಿಕೆ ಕುಟ್ಟಣಿಗೆಗೆ, ನಮ್ಮ ನೆತ್ತಿಗೆ, ಕಂಡಕಂಡದ್ದಕ್ಕೆ ಎಣ್ಣೆ ಬಿಡುತ್ತ ಮನೆಯೆಲ್ಲ ಸುತ್ತುತ್ತಿದ್ದ. ಗಾಣದ ಸುತ್ತ ಎತ್ತು ಸುತ್ತಿದ ಹಾಗೆಯೇ ಅಂತ ಆಯಿ ನಗುತ್ತಿದ್ದಳು.

ಅಪ್ಪನಿಗೆ ಬಸವಕಲ್ಯಾಣದ ಒಂದು ಅಡತಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವ್ವ ನರ್ಸಿನ ಕೆಲಸ ಕಲಿತವಳು. ಅವಳಿಗೆ ರಾಜೇಶ್ವರದ ದಾರಿಯ ಒಂದು ಹಳ್ಳಿಯ ಸಣ್ಣ ದವಾಖಾನೆಯಲ್ಲಿ ಹಂಗಾಮಿ ಕೆಲಸ. ಇಬ್ಬರಿಗೂ ಒಂದೇ ದಾರಿ. ಹಾಗಾಗಿ ಗಾಡಿ ಬಂತು, ಯಾರೋ ಓಡಿಸಿ ಬಿಟ್ಟದ್ದು, ಎರಡು ಸ್ಟ್ರೋಕಿನದು. ಈಗಿನ ಮಕ್ಕಳಿಗೆ ಆ ಗಾಡಿಗಳ ಗುಣ ಗೊತ್ತಿಲ್ಲ. ಅವಕ್ಕೆ ಬರೀ ಪೆಟ್ರೋಲು ಸಾಲದು, ಪೆಟ್ರೋಲಿನಲ್ಲಿ ಅವುಗಳದ್ದೇ ಆದ ಎಣ್ಣೆ ಬೆರೆಸಿ ಹಾಕಬೇಕು. ಅದಕ್ಕೇ ಹಿಂದೆ ನೀಲಿ ಹೊಗೆ, ಅದಕ್ಕೇ ಆ ಪಟಪಟ ಸದ್ದು. ಪಂಪಿನವನು ಎಣ್ಣೆ ಅಳೆದು ಟಾಕಿಗೆ ಸುರಿಯುವುದನ್ನು ಮುತ್ಯಾ ಮೊದಲ ಸಲ ನೋಡಿದ ದಿನ ಅವನ ಮುಖ ನೋಡಬೇಕಿತ್ತು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಹೇಳಿದ: “ಪೆಟ್ರೋಲ್ ಅಷ್ಟ ಕುಡಿಯೋವು ಎಲ್ಲಾ ಕಂಗಾಲ ಗಾಡಿ ನೋಡ್ರಿ. ನಮ್ಮದು ಎಣ್ಣಿ ಕುಡೀತದ, ಖಾನದಾನಿ!”

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡುವ ಜಾಗ ಎಲ್ಲಿಯೂ ಇರಲಿಲ್ಲ. ಅಡುಗೆಮನೆಯಲ್ಲಿ ಆಯಿ, ಪಡಸಾಲೆಯಲ್ಲಿ ಮುತ್ಯಾ, ಮಾಳಿಗೆಯ ಮೇಲೆ ಕಾಕಾನ ಮಕ್ಕಳು, ನಡುವೆ ನಾನು ಮತ್ತು ಶರಣು. ಹಿರಿಯರ ಎದುರು ಅವ್ವ ಅಪ್ಪನಿಗೆ ನೀರು ಬೇಕೇನೆಂದು ಕೇಳುವುದೂ ನನ್ನ ಬಾಯಿಯಿಂದಲೇ. ಆದರೆ ಗಾಡಿ ಓಣಿ ತಿರುಗಿ ದೊಡ್ಡ ರಸ್ತೆಗೆ ಹತ್ತುವಾಗ ನಾನು ಶಾಲೆಯ ಗೇಟಿನಿಂದ ನೋಡುತ್ತಿದ್ದೆ. ಅವ್ವನ ಸೆರಗು ಸೊಂಟಕ್ಕೆ ಬಿಗಿದಿರುತ್ತಿತ್ತು, ಮಡಿಲಲ್ಲಿ ಡಬ್ಬಿಯ ಚೀಲ. ಆಗಲೇ ಅವಳ ಬಾಯಿ ಅಪ್ಪನ ಕಿವಿಯ ಹತ್ತಿರ, ಅಪ್ಪನ ತಲೆ ಸ್ವಲ್ಪ ಹಿಂದಕ್ಕೆ ವಾಲಿ, ಇಬ್ಬರೂ ಮಾತಾಡುತ್ತಿದ್ದರು. ಏನು ಮಾತೋ ನನಗೆ ತಿಳಿಯದು. ಒಮ್ಮೆ ಅವ್ವ ಅಷ್ಟು ನಕ್ಕಳೆಂದರೆ ಚೀಲ ಜಾರಿ ಬಿದ್ದಿತು. ಮನೆಯಲ್ಲಿ ಅವಳು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ.

ಆಮೇಲೆ ಗಾಡಿ ನಿಲ್ಲತೊಡಗಿತು. ಹುಮನಾಬಾದ್ ದಾಟುವ ತನಕ ಚೆನ್ನಾಗಿಯೇ ಓಡುವುದು, ಆಮೇಲೆ ಕೆಮ್ಮಿ, ತಡವರಿಸಿ, ತೊಗರಿ ಹೊಲದ ನಡುವೆ ಸುಮ್ಮನಾಗುವುದು. ಅಪ್ಪ ಇಳಿದು ಒದ್ದು ಒದ್ದು ಬೆವರುತ್ತಿದ್ದ, ಅವ್ವ ಡಬ್ಬಿ ಹಿಡಿದು ನಡೆಯುತ್ತಿದ್ದಳು. ಅಪ್ಪ ಮಾಡದ ಉಪಾಯವಿಲ್ಲ. ಪ್ಲಗ್ಗು ಬಿಚ್ಚಿ ಮರಳು ಕಾಗದದಿಂದ ತಿಕ್ಕಿದ. ಮಸಿ ಹೋಯಿತು, ರೋಗ ಹೋಗಲಿಲ್ಲ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿರಬೇಕೆಂದು ಪಂಪು ಬದಲಿಸಿದ, ಹುಮನಾಬಾದ್ ಬಿಟ್ಟು ಬಸವಕಲ್ಯಾಣದಲ್ಲಿ ತುಂಬಿಸಿದ. ನೀರಿರಬೇಕೆಂದು ಗಾಜಿನ ಬಾಟಲಿಯಲ್ಲಿ ಪೆಟ್ರೋಲು ಹಿಡಿದು ಕಿಟಕಿಯಲ್ಲಿಟ್ಟು ಕಾದ. ನೀರು ತಳಕ್ಕೆ ಇಳಿಯಲಿಲ್ಲ, ನಾವು ಮಕ್ಕಳು ಮಾತ್ರ ಕಿಟಕಿಯ ಹತ್ತಿರ ಹೋಗಿ ಬೈಸಿಕೊಂಡೆವು. ಭಾನುವಾರವೆಲ್ಲ ಕಾರ್ಬೋರೇಟರ್ ಬಿಚ್ಚಿ ಹಿಟ್ಟು ನಾದುವ ಅಗಲ ಪರಾತದಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಸೂಜಿ, ತೇಲುವ ಬುರುಡೆ, ಕೂದಲೆಳೆಯಷ್ಟು ತೂತಿನ ಜೆಟ್ಟು. ಬಾಯಿಂದ ಊದಿ ಸೂರ್ಯನಿಗೆ ಹಿಡಿದು ನೋಡುತ್ತಿದ್ದ. ಸೋಮವಾರ ಗಾಡಿ ಕುದುರೆಯಾಗುತ್ತಿತ್ತು, ವಾರದ ನಡುವೆ ಮತ್ತೆ ಕತ್ತೆ. ಪ್ರತಿ ಸಲವೂ ತಳದಲ್ಲಿ ಅದೇ ಹಳದಿ ಜಿಗುಟು. ಗಫೂರ್ ಮಿಸ್ತ್ರಿ ಎಂಬ ಹುಮನಾಬಾದಿನ ಮೆಕ್ಯಾನಿಕ್ಕು ಬೆರಳಲ್ಲಿ ಎತ್ತಿ ನೋಡಿ ತಲೆ ಕೆರೆದುಕೊಂಡ. “ಭಾಯಿಸಾಬ್, ನಾ ಇಷ್ಟ್ ಗಾಡಿ ನೋಡೀನಿ, ಇಂಥಾ ಕಚರಾ ನೋಡಿಲ್ರಿ. ಎಲ್ಲಿಂದ ಬರಾಕತ್ತದ ಖುದಾಗೇ ಮಾಲೂಮ್. ನಿಮ್ಮ ಗಾಡೀಗ ಗೋಂದು ತಿನ್ನೋ ಆದತ್ ಅದ ಏನ?” ಆಯಿ ದೃಷ್ಟಿಯೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. “ಕಟ್ಟವ್ವಾ, ಹ್ಯಾಂಡಲ್ಲಿಗೆ ಕಟ್ಟು. ಗಾಡಿ ನಿಂತಲ್ಲೆ ಉಪ್ಪಿನಕಾಯಿ ಹಾಕ್ತೀನಿ” ಎಂದು ಅಪ್ಪ ನಗಲು ನೋಡಿದ. ಅವ್ವ ನಗಲಿಲ್ಲ. ಇನ್ನೊಮ್ಮೆ ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಂದು ಡಾಕ್ಟರು ಅವಳಿಗೆ ಹೇಳಿಬಿಟ್ಟಿದ್ದರು. ಹಡೆಯಲು ಬಂದ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಕಾಯುತ್ತ ಕೂತಿದ್ದಳಂತೆ.

ಅಪ್ಪನ ಗಾಡಿ ಒರೆಸುವ ಬಟ್ಟೆಯನ್ನು ಅವ್ವನೇ ಒಗೆಯುತ್ತಿದ್ದಳು. ಒಂದು ಸಂಜೆ ಬಾವಿಯ ಕಟ್ಟೆಯ ಮೇಲೆ ಅದನ್ನು ಹಿಡಿದು ನಿಂತಳು. ಬಟ್ಟೆ ಒಣಗಿ ಹಪ್ಪಳವಾಗಿತ್ತು. ಮೂಗಿನ ಹತ್ತಿರ ಒಯ್ದಳು, ಮತ್ತೆ ಒಯ್ದಳು, ಅಡುಗೆಮನೆಗೆ ಹೋಗಿ ಎಣ್ಣೆ ಡಬ್ಬಿಯ ಬಾಯಿಗೆ ಬೆರಳು ಹಚ್ಚಿ ಮೂಸಿದಳು. ಕುಸುಬೆ ಎಣ್ಣೆಯ ಗುಣ ಅಡುಗೆಯವರಿಗೆ ಗೊತ್ತಿರುತ್ತದೆ. ಗಾಳಿಗೆ ಬಿಟ್ಟರೆ ಅದು ಅಂಟಾಗುತ್ತದೆ, ಬಿಸಿಯಿದ್ದರೆ ಇನ್ನೂ ಬೇಗ. ಡಬ್ಬಿಯ ಅಂಚಿಗೆ ಕೂತದ್ದು ಸೀಗೆಪುಡಿಗೂ ಬಿಡುವುದಿಲ್ಲ. ಮರುದಿನ ನಸುಕಿನಲ್ಲಿ ಅವ್ವ ಒಲೆ ಹಚ್ಚದೆ ಕಿಟಕಿಯಲ್ಲಿ ನಿಂತಿದ್ದಳು. ನಾನು ಎದ್ದು ಹೋಗಿ ಅವಳ ಸೀರೆ ಹಿಡಿದು ನಿಂತೆ. ಹೊರಗೆ ಮುತ್ಯಾ, ಒದ್ದೆ ಮೈ, ಹಣೆಯ ತುಂಬ ವಿಭೂತಿ. ಗಾಡಿಯ ಟಾಕಿಯ ಮುಚ್ಚಳ ತೆಗೆದ. ಮಿಳ್ಳಿಯಿಂದ ಎಣ್ಣೆ ಬಿಟ್ಟ, ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ. ಮುಚ್ಚಳ ಹಾಕಿ ಕೈ ಮುಗಿದ. “ಅವ್ವಾ, ಮುತ್ಯಾ ಏನ್ ಮಾಡಾಕತ್ತಾನ?” ಎಂದೆ. “ಪೂಜಾ ಮಾಡಾಕತ್ತಾರ, ಸುಮ್ಮಿರು” ಎಂದಳು ಅವ್ವ. ಅವಳ ಕೈ ನನ್ನ ತಲೆಯ ಮೇಲಿತ್ತು, ಭಾರವಾಗಿತ್ತು.

ಅಂದಿನಿಂದ ಅವ್ವ ಜೀಪಿಗೆ ಹೋಗತೊಡಗಿದಳು. ಇನ್ನೂ ಮಬ್ಬಿರುವಾಗಲೇ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಸ್ಟ್ಯಾಂಡಿಗೆ ನಡೆದು, ರಾಜೇಶ್ವರದ ಕಡೆ ಹೋಗುವ ಜೀಪಿನ ಹಿಂದಿನ ಸೀಟಿನಲ್ಲಿ ಆಡುಗಳ ಜೊತೆ, ತರಕಾರಿ ಬುಟ್ಟಿಗಳ ಜೊತೆ. ಕೆಲಸ ಉಳಿಯಿತು. ಆದರೆ ಮನೆಯಲ್ಲಿ ಏನಾಗಿದೆಯೆಂದು ನನಗೂ ಶರಣುಗೂ ತಿಳಿಯಲಿಲ್ಲ. ಜಗಳದ ಸದ್ದು ಕೇಳಿರಲಿಲ್ಲ, ಆದರೂ ಅಪ್ಪ ಅವ್ವ ಮಾತು ಬಿಟ್ಟಂತೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಮಾತಾಡುತ್ತಿದ್ದ ಜಾಗವೇ ಹೋಗಿತ್ತು, ಅಷ್ಟೇ. ಯಾಕೆ ನನ್ನ ಜೊತೆ ಬರುವುದಿಲ್ಲ ಎಂದು ಅಪ್ಪ ಕೇಳಲಿಲ್ಲ. ಹೊತ್ತಾಯಿತೆಂದೋ, ಗಾಡಿ ಸರಿಯಿಲ್ಲವೆಂದೋ ಅವ್ವ ಹೇಳಲೂ ಇಲ್ಲ. ಜೀಪು ಹೊರಟ ಸ್ವಲ್ಪ ಹೊತ್ತಿಗೆ ಅಪ್ಪನೂ ಹೊರಡುತ್ತಿದ್ದ. ಕೆಲವು ದಿನ ಜೀಪಿನ ಹಿಂದೆಯೇ ಬರುತ್ತಿದ್ದನಂತೆ, ನೀಲಿ ಹೊಗೆಯಲ್ಲಿ. ಹಿಂದಿನ ಸೀಟಿನಲ್ಲಿ ಕೂತ ಅವ್ವನಿಗೆ ಅವನ ಮುಖ ಕಾಣುತ್ತಿತ್ತು. ಆಮೇಲೆ ಗಾಡಿ ಕೆಮ್ಮುವುದು, ಅಪ್ಪ ರಸ್ತೆಯ ಬದಿಗೆ ಇಳಿಯುವುದು. ಜೀಪು ನಿಲ್ಲುತ್ತಿರಲಿಲ್ಲ. ತೊಗರಿ ಹೊಲದ ನಡುವೆ ಅವನ ಆಕಾರ ಸಣ್ಣದಾಗುತ್ತ ಆಗುತ್ತ ಹೋಗುವುದನ್ನು ಅವ್ವ ನೋಡುತ್ತಿದ್ದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಅಪ್ಪ ಹೋದ ಮೇಲೆ. “ಹೇಳಬೇಕಿತ್ತಲ್ಲವ್ವಾ” ಎಂದಿದ್ದೆ. “ಯಾವ ಬಾಯ್ಲೆ ಹೇಳ್ಲಿ? ಗಾಣ ನಿಂತ ಮ್ಯಾಲ ಮಾವಾರಿಗೆ ಇದ್ದದ್ದು ಅದೊಂದ ಕೆಲಸ. ಗಾಡಿ ಕೆಡಿಸಿದವರು ನೀವ ಅಂತ ಅಂದ್ರ ಆ ಕೈ ಮತ್ತ ಎಲ್ಲಿ ಇಡ್ತಿದ್ರು? ನಿಮ್ಮಪ್ಪಾರಿಗೆ ಹೇಳಿದ್ರ ತಂದಿ ಮಗನ ನಡಬರಕ ಬೆಂಕಿ. ಟಾಕೀಗ ಕೀಲಿ ಹಾಕ್ತಿದ್ರು. ಆ ಕೀಲಿ ನೋಡಿ ಮಾವಾರು ಉಣ್ತಿದ್ರೇನ?” ಎಂದಳು. ಮುತ್ಯಾ ಹೋದ ಮೇಲೆ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ಅವ್ವನಿಗೆ ಹುಮನಾಬಾದಿನಲ್ಲೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಕಾಯಂ ಕೆಲಸ ಆಗಿತ್ತು. “ಗಾಡಿ ಈಗ ಬೇಕಾದಷ್ಟು ಓಡ್ತದ, ಹಿಂದ ಕುಂದ್ರವರ ಇಲ್ಲ” ಎಂದು ಅಪ್ಪ ಒಮ್ಮೆ ನನ್ನ ಮುಂದೆ ಅಂದದ್ದು ನೆನಪಿದೆ. ನನ್ನ ಮದುವೆಯಾಯಿತು, ಆಯಿ ಹೋದಳು, ಕಾಕಾ ಬೇರೆ ಮನೆ ಮಾಡಿದ, ಶರಣು ಹೊಸ ಗಾಡಿ ತಂದ. ಹಳೆಯದು ಹಿಂದಿನ ಗಾಣದ ಕೋಣೆ ಸೇರಿತು. ಮೊಣಕಾಲು ಹಿಡಿದ ಮೇಲೆ ಅವ್ವ ಆ ಕೋಣೆಯ ಮೆಟ್ಟಿಲು ಇಳಿಯಲಿಲ್ಲ.

ಈ ಬಟ್ಟಲಿನ ಅಂಟು ಮುತ್ಯಾನದೇ, ಇಷ್ಟು ವರ್ಷ ಉಳಿದುಕೊಂಡಿದೆ ಎಂದೇ ನಾನು ತಿಳಿದೆ. ಬೋಗಣಿ ಹಿಡಿದು ಹಿತ್ತಲಿಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದೆ. ಅವರು ನಂಬಲಿಲ್ಲ. “ನಿಮ್ಮ ಮುತ್ಯಾನ ಕಾಲದ್ದಾ? ಈ ಕಾರ್ಬೋರೇಟರ್ ನೋಡು, ಮೈ ಇನ್ನೂ ಬೆಳ್ಳಗದ. ಇದು ಹಳೇದಲ್ಲ” ಎಂದರು. ಶರಣುಗೆ ಫೋನು ಹಚ್ಚಿದೆವು. “ಹೌದಕ್ಕಾ, ಅಪ್ಪ ಹೋಗೋಕ್ಕಿಂತ ಮುಂಚೆ ಹೊಸಾದು ಹಾಕ್ಸಿದ್ದ. ಹಳೇದು ಗುಜರೀಗ ಹೋತು. ಓಡಿಸಾಂಗಿಲ್ಲ, ಸುಮ್ನ ಯಾಕ ಅಂತ ನಾ ಜಗಳಾ ಸೈತ ಮಾಡಿದ್ದೆ” ಎಂದ. ಹಾಗಾದರೆ ಎಣ್ಣೆ ಹಾಕಿದವರು ಯಾರು? “ನಾ ಯಾಕ ಹಾಕ್ಲಿ? ನನಗ ಹುಚ್ಚೇನ? ಅಪ್ಪನೇ ದಿನಾ ನಸುಕಿನ್ಯಾಗ ಮೈ ತೊಳ್ಕೊಂಡು ಗಾಣದ ಕೋಣಿಗೆ ಹೋಗಿ ಬರ್ತಿದ್ದ. ಗಾಣಕ್ಕ ಕೈ ಮುಗೀತಾನ ಅಂತ ನಾ ತಿಳ್ಕೊಂಡಿದ್ದೆ.” ಫೋನು ಇಟ್ಟ ಮೇಲೆ ನಮ್ಮ ಮನೆಯವರು ಟಾಕಿಯ ಮುಚ್ಚಳ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಒಳಗಿನ ಗೋಡೆಯ ಮೇಲೆ ಒಂದೇ ಕಡೆ, ಸುರಿದ ಕೈಯ ಕಡೆ, ಹಳದಿ ಗೆರೆಗಳು ಇಳಿದಿದ್ದವು.

ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಮುತ್ಯಾನನ್ನು ಎಂದೋ ನೋಡಿಯೇ ಇದ್ದನೇ? ನೋಡಿದ್ದರೆ ಭಾನುವಾರವೆಲ್ಲ ಪರಾತದ ಮುಂದೆ ಕೂತದ್ದು ಏನು, ಪಂಪು ಬದಲಿಸಿದ್ದು ಏನು, ಆ ಬಾಟಲಿ ಏನು? ಮೊದಲು ತಿಳಿಯದೆ ಆಮೇಲೆ ತಿಳಿಯಿತೇ? ಎಂದು? ಓಡಿಸದ ಗಾಡಿಗೆ ಹೊಸ ಕಾರ್ಬೋರೇಟರ್ ಹಾಕಿಸಿ, ಅದನ್ನು ಕೆಡಿಸುವ ಎಣ್ಣೆಯನ್ನು ತಾನೇ ಹಾಕುವುದು ಯಾವ ಲೆಕ್ಕ? ಇದರಲ್ಲಿ ಒಂದು ಹಿಡಿದರೆ ಇನ್ನೊಂದು ಜಾರುತ್ತದೆ. ಆದರೂ ಇಷ್ಟು ನಿಜ: ಎಣ್ಣೆಯ ಸಂಗತಿ ಗೊತ್ತಿಲ್ಲದವನು ಎಣ್ಣೆ ಹಾಕುವುದಿಲ್ಲ. ಬಟ್ಟಲು ಒರೆಸಿ ಅವ್ವನ ಹತ್ತಿರ ಹೋಗಿ ಕೂತೆ. ಶರಣು ಹೇಳಿದ್ದನ್ನೆಲ್ಲ ಹೇಳಿದೆ. ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಅವಳು ಮೂಸಲಿಲ್ಲ, ಹೆಬ್ಬೆರಳಿನಿಂದ ಒಳಗೆ ಒಂದು ಸುತ್ತು ತಿಕ್ಕಿ ನೋಡಿದಳು.

“ನಿನ್ನ ಮಾತಿಗೆ ಉತ್ತರ ಸಿಕ್ತಲ್ಲವ್ವಾ. ಅಪ್ಪಗ ಗೊತ್ತಿತ್ತು” ಎಂದೆ. ಅವಳು ಸಮಾಧಾನವಾಗುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. ಮುಖ ಕೆಂಪಾಗಿ, ಮೊಣಕಾಲಿನ ನೋವು ಮರೆತು ನೆಟ್ಟಗೆ ಕೂತಳು. “ಗೊತ್ತಿತ್ತಂತ! ಗೊತ್ತಿದ್ದೂ ಸುಮ್ನಿದ್ದ! ನಾ ಆಡು ಕುರಿ ಜೊತಿ ಜೀಪಿನ್ಯಾಗ ಹೋಗೋದು ನೋಡ್ಕೋತ ಹಿಂದ ಹಿಂದ ಬರ್ತಿದ್ದ, ಮೂಳ!” ಅಪ್ಪನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಹಿತ್ತಲಿನಲ್ಲಿ ನಮ್ಮ ಮನೆಯವರ ಕೈಯಿಂದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. “ಹೋಗ್ಲಿ ಬಿಡು ಅವ್ವಾ, ನೀನೂ ಹೇಳ್ಲಿಲ್ಲ, ಅವನೂ ಹೇಳ್ಲಿಲ್ಲ” ಎಂದೆ. ಅವ್ವ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, ನನಗಲ್ಲ, ಬೇರೆ ಯಾರಿಗೋ ಎಂಬಂತೆ ಅಂದಳು: “ಇಬ್ರಿಗೂ ಗೊತ್ತಿತ್ತಲ್ಲ. ಇಬ್ರೂ ಕೂಡಿ ಸುಮ್ನಿರಬಹುದಿತ್ತು. ಗಾಡಿ ನಿಂತಲ್ಲೇ ಇಳದು ನಡಕೋತ ಹೋಗ್ತಿದ್ವಿ.”

ಸಂಜೆಯ ತನಕ ಅವಳು ನನ್ನ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅರ್ಧಕ್ಕೆ ಬಿಟ್ಟ ಹುಣಸೆಹಣ್ಣನ್ನು ತಾನೇ ಎಳೆದುಕೊಂಡು ಮುಗಿಸಿದಳು. ಬಟ್ಟಲನ್ನು ನಮ್ಮ ಮನೆಯವರು ಕೇಳಿದಾಗ, “ಇರ್ಲಿ ಬಿಡ್ರಿ, ನಾಳಿ ಕೊಡ್ತೀನಿ” ಎಂದಳು. ಅಳಿಯನಾದವರು ಅತ್ತೆಯ ಹತ್ತಿರ ಹಟ ಮಾಡುತ್ತಾರೆಯೇ, ಗಾಡಿಯ ಮೇಲೆ ತಾಡಪತ್ರಿ ಹೊದಿಸಿ ಕೈ ತೊಳೆದರು. ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಮಾಡಿದ್ದೆ. ಅವ್ವ ಒಂದೂವರೆ ರೊಟ್ಟಿ ಉಂಡಳು, ಪಲ್ಯ ಮತ್ತೊಮ್ಮೆ ಹಾಕಿಸಿಕೊಂಡಳು, ಉಪ್ಪು ಕಡಿಮೆ ಎಂದಳು. ಹುಮನಾಬಾದಿನ ಆ ಮನೆಯಲ್ಲಿ ಎಲ್ಲರ ತಾಟು ತೊಳೆದು, ಎಲ್ಲರ ಹಾಸಿಗೆ ಹಾಕಿ, ಅಪ್ಪ ಬಾಗಿಲು ಹಾಕಿದ ಸಪ್ಪಳ ಕೇಳಿದ ಮೇಲೆಯೇ ಅವಳು ಮಲಗುತ್ತಿದ್ದದ್ದು. ಇವತ್ತು ನಾವಿನ್ನೂ ಉಣ್ಣುತ್ತಿರುವಾಗಲೇ ಗೋಡೆಗೆ ಮುಖ ಮಾಡಿ ಮಲಗಿದಳು, ಎಲ್ಲರಿಗಿಂತ ಮೊದಲು.